ಬರಿಗೈಯಲ್ಲಿ ಅಲ್ ಥುಮಾಮಾಕ್ಕೆ

ನಾನು ನೀರುದೋಸೆ ಎರೆಯುತ್ತಿದ್ದಾಗ ಪಕ್ಕದ ಜಮೈಕಾದವಳು ಗೋಡೆ ಗುದ್ದಿದಳು. ಗುದ್ದಿದಳು ಅಂದರೆ ಸುಮ್ಮನೆ ತಟ್ಟಿದ್ದಲ್ಲ, ನಮ್ಮ ಅಡುಗೆಮನೆಯ ಸ್ಟೀಲ್ ಲೋಟಗಳೆಲ್ಲ ಕುಣಿದವು. ನಮ್ಮಿಬ್ಬರ ನಡುವೆ ಇರುವುದು ಗೋಡೆಯೂ ಅಲ್ಲ, ಬಣ್ಣ ಬಳಿದ ಬೋರ್ಡು. ದೋಹಾದ ಅಂಚಿನ ಮುಐದರ್‌ನ ಈ ಹಳೆಯ ವಿಲ್ಲಾವನ್ನು ಹಲಸಿನ ಹಣ್ಣು ಕೊಯ್ದ ಹಾಗೆ ಕೊಯ್ದು ಒಂದೊಂದು ತುಂಡನ್ನು ಒಂದೊಂದು ಸಂಸಾರಕ್ಕೆ ಬಾಡಿಗೆಗೆ ಕೊಟ್ಟಿದ್ದಾರೆ. ಆಚೆ ಅವಳು ಸೀನಿದರೆ ಈಚೆ ನನ್ನ ಗಂಡ ಬಾಮ್ ಡಬ್ಬಿ ಹುಡುಕುತ್ತಾರೆ.

ದೋಸೆಯನ್ನು ಕಾವಲಿಯ ಮೇಲೆಯೇ ಬಿಟ್ಟು ಓಡಿದೆ. ಅವಳು ಅಂಗಳದಲ್ಲಿ ಒಂದು ಕಾಲಿಗೆ ಶೂ ಹಾಕಿಕೊಂಡು, ಇನ್ನೊಂದು ಶೂವನ್ನು ಕೈಯಲ್ಲಿ ಹಿಡಿದು ಗಿರಗಿರನೆ ತಿರುಗುತ್ತಿದ್ದಳು.

"ಅಕ್ಕಾ, ಬರ್ತಾಳಂತೆ! ನನ್ನ ಮಗಳು ಬರ್ತಾಳಂತೆ! ನರ್ಸ್ ಕೆಲಸ ಸಿಕ್ಕಿತಂತೆ, ಇಲ್ಲೇ, ದೋಹಾದಲ್ಲೇ!"

ನಾನು ಕೂಗಿದೆ. ಅವಳೂ ಕೂಗಿದಳು. ಇಬ್ಬರೂ ಕೈ ಹಿಡಿದುಕೊಂಡು ಸುತ್ತಿದೆವು. ಒಳಗಿನಿಂದ ದೋಸೆ ಕರಟಿದ ಹೊಗೆ ಬಂತು, ಹೊಗೆಯ ಹಿಂದೆಯೇ ಲುಂಗಿಯಲ್ಲಿ ನನ್ನ ಗಂಡ ಬಂದರು.

"ಎಂತ ಮಾರಾಯ್ತಿ, ಬೆಂಕಿ ಬಿದ್ದದ್ದಾ, ಲಾಟರಿ ಬಿದ್ದದ್ದಾ?"

ಅವಳು ಆಡುವ ಮಾತನ್ನು ನಾನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳದು ಅವಳ ದ್ವೀಪದ ಇಂಗ್ಲಿಷು. ನಮ್ಮ ಶಾಲೆಯಲ್ಲಿರುವ ಬ್ರಿಟಿಷ್ ಟೀಚರುಗಳೂ ಅದನ್ನು ಕೇಳಿ ಒಮ್ಮೊಮ್ಮೆ ಸುಮ್ಮನೆ ತಲೆ ಆಡಿಸುತ್ತಾರೆ. ನನಗೆ ಮಾತ್ರ ಪೂರ್ತಿ ತಿಳಿಯುತ್ತದೆ. ತುಳು, ಕನ್ನಡ, ಹಿಂದಿ, ಮಲಯಾಳಂ ಎಲ್ಲ ಕಲಸಿದ ನನ್ನ ಇಂಗ್ಲಿಷು ಅವಳಿಗೆ ಮಾತ್ರ ತಿಳಿಯುತ್ತದೆ. ನಾನು ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವವಳು, ಅವಳು ಅದೇ ಶಾಲೆಯ ಚಿಕ್ಕ ಮಕ್ಕಳ ತರಗತಿಯಲ್ಲಿ ಸಹಾಯಕಿ. ನಾನು ಅವಳನ್ನು ಅಕ್ಕ ಅನ್ನುತ್ತೇನೆ. ಅವಳೂ ನನ್ನನ್ನು ಅಕ್ಕ ಅನ್ನುತ್ತಾಳೆ. ಇಬ್ಬರೂ ಈವರೆಗೆ ಪ್ರಾಯ ಬಾಯಿಬಿಟ್ಟಿಲ್ಲವಾದ್ದರಿಂದ ಈ ವಿಷಯ ಇತ್ಯರ್ಥವಾಗದೆ ಉಳಿದಿದೆ.

ಮಗಳನ್ನು ತನ್ನ ತಾಯಿಯ ಕೈಯಲ್ಲಿ ಬಿಟ್ಟು ಅವಳು ಇಲ್ಲಿಗೆ ಬಂದಾಗ ಆ ಹುಡುಗಿಗೆ ಎದುರಿನ ಹಲ್ಲು ಬಿದ್ದು ಹೊಸ ಹಲ್ಲು ಬರುತ್ತಿತ್ತಂತೆ. ಮೊದಲು ಹೋಟೆಲಿನಲ್ಲಿ ಹಾಸಿಗೆ ಬದಲಿಸುವ ಕೆಲಸ. ಆಮೇಲೆ ಶಾಲೆ, ಶಾಲೆ ಬಿಟ್ಟ ಮೇಲೆ ಒಂದು ದೊಡ್ಡ ಮನೆಯ ಅವಳಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ, ರಜೆಯ ದಿನ ಅವರಿವರ ತಲೆಗೂದಲು ಹೆಣೆದು ಕೊಡುವ ಕೆಲಸ. ಊರಿಗೆ ಹೋಗಿಬರುವುದೆಂದರೆ ಭೂಮಿಯನ್ನು ಅರ್ಧ ಸುತ್ತಿದ ಹಾಗೆ, ಅದೂ ಎಲ್ಲೋ ಒಮ್ಮೆ. ಕಡೆಯ ಸಲ ಹೋಗಿ ಬಂದದ್ದು ಕೊರೋನಾಕ್ಕೂ ಎಷ್ಟೋ ಮೊದಲು. ಗಂಡನ ಸುದ್ದಿ ಅವಳು ಎತ್ತಲಿಲ್ಲ, ನಾನು ಕೇಳಲಿಲ್ಲ.

ಅವಳ ತಾಯಿ ಊರವರ ಬಟ್ಟೆ ಒಗೆದು ಇಸ್ತ್ರಿ ಮಾಡುತ್ತಿದ್ದ ಹೆಂಗಸು. ಆ ಮನೆಯಲ್ಲಿ ಈಗ ಒಬ್ಬಳು ತನ್ನ ಸ್ವಂತ ಯೂನಿಫಾರ್ಮಿಗೆ ಇಸ್ತ್ರಿ ಹಾಕುವಂತಾಗಿದ್ದಳು. ಆ ಮನೆಯಲ್ಲಷ್ಟೇ ಅಲ್ಲ, ಅವರ ಇಡೀ ಬಳಗದಲ್ಲೇ ನರ್ಸ್ ಆದವಳು ಅವಳೊಬ್ಬಳೇ. ಮೂರು ಹೆಂಗಸರ ದುಡಿಮೆ ಅದು, ನಮ್ಮ ಅಂಗಳದಲ್ಲಿ ಒಂಟಿ ಶೂ ಹಾಕಿಕೊಂಡು ಕುಣಿದದ್ದರಲ್ಲಿ ತಪ್ಪೇನಿಲ್ಲ.

ಅವಳಿಗೆ ಬೇಕಾಗಿದ್ದುದು ಒಂದೇ ಒಂದು. ಮಗಳು ತನ್ನ ಜೊತೆ ಒಂದು ಸೂರಿನಡಿ ಇರಬೇಕು. ಹೋದ ವರ್ಷಗಳು ಹೋದವು, ಇನ್ನು ಮೇಲಾದರೂ ಒಟ್ಟಿಗೆ ಇರುತ್ತೇವೆ ಎಂದು ಅವಳು ಬೋರ್ಡಿನ ಆಚೆಯಿಂದ ನನಗೆ ದಿನವೂ ಹೇಳತೊಡಗಿದಳು. ಮಗಳು ಬೇಡವೆಂದರೆ? ಆ ಪ್ರಶ್ನೆ ನನಗೂ ಹೊಳೆದಿತ್ತು, ಅವಳಿಗೂ ಹೊಳೆದಿತ್ತು. ಇಬ್ಬರೂ ಅದನ್ನು ಬಿಟ್ಟು ಬಾಕಿ ಎಲ್ಲವನ್ನೂ ಮಾತಾಡಿದೆವು.

ಇಲ್ಲಿ ಡ್ರಮ್ಮಿನ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ನಾವು ಕರಾವಳಿಯವರು ಗಲ್ಫಿನಿಂದ ಊರಿಗೆ ಕಾರ್ಟನ್ ಕಟ್ಟುತ್ತೇವೆ, ಜಮೈಕಾದವರು ಡ್ರಮ್ಮು ತುಂಬಿಸುತ್ತಾರೆ. ನನ್ನ ಗಂಡ ಇಂಡಸ್ಟ್ರಿಯಲ್ ಏರಿಯಾದ ಒಂದು ಗೋದಾಮಿನಲ್ಲಿದ್ದಾರೆ. ಅಲ್ಲಿಗೆ ಉಪ್ಪಿನಲ್ಲಿ ಹಾಕಿದ ಆಲಿವ್ ಕಾಯಿ ನೀಲಿ ಡ್ರಮ್ಮುಗಳಲ್ಲಿ ಬರುತ್ತದೆ. ಖಾಲಿಯಾದ ಡ್ರಮ್ಮೊಂದನ್ನು ಅವರು ಪಿಕಪ್ಪಿನಲ್ಲಿ ತಂದು ಕೊಡುತ್ತಿದ್ದರು, ನಾವಿಬ್ಬರೂ ತಿಕ್ಕಿ ತೊಳೆಯುತ್ತಿದ್ದೆವು. ಆಮೇಲೆ ತುಂಬಿಸುವ ಕೆಲಸ. ಶೂವಿನೊಳಗೆ ಕಾಲುಚೀಲ, ಕಾಲುಚೀಲದೊಳಗೆ ಸೋಪು, ಪಾತ್ರೆಯೊಳಗೆ ಹಾಲುಪುಡಿ, ಸಂದಿಯಲ್ಲಿ ಪೆನ್ಸಿಲು, ರಿಬ್ಬನ್ನು. ಡ್ರಮ್ಮನ್ನು ಅಲುಗಾಡಿಸಿದರೆ ಸದ್ದು ಬರಬಾರದು. ಸದ್ದು ಬಂತೆಂದರೆ ಒಳಗೆ ಜಾಗ ಉಳಿದಿದೆ ಅಂತ, ಜಾಗ ಉಳಿದರೆ ಕಳಿಸಿದವಳಿಗೆ ನಾಚಿಕೆ. ಕಡೆಗೆ ಅವಳು ನನ್ನನ್ನು ಸೊಂಟ ಹಿಡಿದು ಎತ್ತಿ ಒಳಗೆ ನಿಲ್ಲಿಸುತ್ತಿದ್ದಳು, ನಾನು ಸಾಮಾನನ್ನು ತುಳಿದು ಕೂರಿಸುತ್ತಿದ್ದೆ. ನಗು ತಡೆಯಲಾಗದೆ ಒಮ್ಮೆ ನಾನೂ ಡ್ರಮ್ಮೂ ಒಟ್ಟಿಗೇ ಉರುಳಿದ್ದೇವೆ. ಆ ಡ್ರಮ್ಮು ಹಡಗು ಹತ್ತಿ, ಯಾವ ಯಾವುದೋ ಬಂದರು ಸುತ್ತಿ, ಅವಳ ಊರಿನ ಓಣಿಗೆ ಮುಟ್ಟುವಾಗ ಮಳೆಗಾಲ ಹೋಗಿ ಬೇಸಿಗೆ ಬಂದಿರುತ್ತಿತ್ತು.

ಈ ವ್ಯವಹಾರದ ಇನ್ನೊಂದು ತುದಿ ನನಗೆ ಚೆನ್ನಾಗಿ ಗೊತ್ತು. ನನ್ನ ಅಪ್ಪನೂ ಗಲ್ಫಿನಲ್ಲಿದ್ದವರು. ಅವರು ಬಂದ ದಿನ ಹಗ್ಗ ಬಿಗಿದ ಕಾರ್ಟನ್ ಬಿಚ್ಚುವಾಗ ಬರುತ್ತಿದ್ದ ಪರಿಮಳಕ್ಕೆ ನಾವು ಮಕ್ಕಳು ಮೂಗು ಚಾಚಿ ಕೂರುತ್ತಿದ್ದೆವು. ಚಂದದ ಫ್ರಾಕು ಇರುತ್ತಿತ್ತು, ಆದರೆ ಅದು ಯಾವಾಗಲೂ ಹಿಂದಿನ ರಜೆಯಲ್ಲಿ ಅವರು ಬಿಟ್ಟುಹೋದ ಹುಡುಗಿಯ ಅಳತೆಗೆ ಇರುತ್ತಿತ್ತು. ಕೈ ತೂರಿಸಲಿಕ್ಕೆ ಆಗದಿದ್ದರೂ ನಾನು ಉಸಿರು ಹಿಡಿದು ಹಾಕಿಕೊಂಡು ಅಪ್ಪನ ಎದುರು ಒಂದು ಸುತ್ತು ತಿರುಗಿ, ಒಳಗೆ ಹೋಗಿ ತಂಗಿಗೆ ಕೊಡುತ್ತಿದ್ದೆ.

ಇಷ್ಟೆಲ್ಲ ತಿಳಿದಿದ್ದೂ ಅವಳ ಜೊತೆ ಅಂಗಡಿ ಅಂಗಡಿ ಸುತ್ತಿದೆ. ಅವಳ ಸಡಗರ ಅಂಟುರೋಗದಂಥದು. ಅವಳದು ಒಂದೇ ಕೋಣೆ, ಒಂದು ಕೈ ಚಾಚಿದರೆ ಮುಗಿಯುವ ಅಡುಗೆಮನೆ. ಮಂಚ ಮಗಳಿಗೆ, ತನಗೆ ಅಡುಗೆಮನೆಯ ಬಾಗಿಲಲ್ಲಿ ಚಾಪೆ ಎಂದು ತೀರ್ಮಾನಿಸಿದಳು. ಗುಲಾಬಿ ಬಣ್ಣದ ಹೊದಿಕೆ ಬಂತು. ಮೊಲದ ಕಿವಿ ಇರುವ ಚಪ್ಪಲಿ ಬಂತು. ಶಾಂಪೂ ಬಾಟಲಿಗಳು ಕಿಟಕಿಯ ಉದ್ದಕ್ಕೂ ಸಾಲಾಗಿ ನಿಂತವು. ಒಂದು ಹೈಪರ್‌ಮಾರ್ಕೆಟ್ಟಿನಲ್ಲಿ ಅವಳು ಮಕ್ಕಳ ನೀರಿನ ಬಾಟಲಿ ಎತ್ತಿಕೊಂಡಾಗ ನಾನು ಹೇಳಿಯೂ ಹೇಳಿದೆ.

"ಅಕ್ಕ, ಅವಳು ನರ್ಸು. ರೋಗಿಗಳಿಗೆ ಸೂಜಿ ಚುಚ್ಚುವವಳು. ಬಾಟಲಿಯ ಮೇಲೆ ಕರಡಿ ಯಾಕೆ?"

"ಕರಡಿ ಅಂದ್ರೆ ಅವಳಿಗೆ ಇಷ್ಟ," ಅಂದಳು.

ಕಪಾಟು ತುಂಬಿತು. ಮಂಚದಡಿ ತುಂಬಿತು. ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಅವಳು ಟವೆಲ್ಲುಗಳನ್ನು ಸುರುಳಿ ಸುತ್ತಿ ತುರುಕಿದಳು. ಬಾಗಿಲಿಂದ ಇಣುಕಿದ ನನ್ನ ಗಂಡ ಮೆಲ್ಲಗೆ ನನ್ನ ಕಿವಿಯಲ್ಲಿ ಹೇಳಿದರು, "ಅಲ್ಲ ಮಾರಾಯ್ತಿ, ಬರುವ ಜನವನ್ನು ಎಲ್ಲಿ ಇಡುವುದು?" ನಾನು ಅವರನ್ನು ಚಿವುಟಿ ಸುಮ್ಮನಿರಿಸಿದೆ.

ಮಗಳು ಬಂದದ್ದು ಒಂದು ಮಧ್ಯಾಹ್ನ. ವಿಮಾನ ನಿಲ್ದಾಣಕ್ಕೆ ನಾವು ಎಷ್ಟು ಬೇಗ ಹೋಗಿದ್ದೆವೆಂದರೆ ಅವಳ ವಿಮಾನದ ಹೆಸರು ಇನ್ನೂ ಬೋರ್ಡಿಗೇ ಬಂದಿರಲಿಲ್ಲ. ಜಮೈಕಾದವಳು ಹಳದಿ ಡ್ರೆಸ್ಸು ತೊಟ್ಟಿದ್ದಳು, ನಾನು ಮದುವೆಗೆ ಮಾತ್ರ ಉಡುವ ಸೀರೆ ಉಟ್ಟಿದ್ದೆ, ನನ್ನ ಗಂಡನ ಕೈಯಲ್ಲಿ ಬಲೂನು ಕೊಟ್ಟಿದ್ದೆವು. ಹಾದುಹೋಗುವವರೆಲ್ಲ ಅವರನ್ನು ನೋಡಿ ನಗುತ್ತಿದ್ದರು, ಅವರು ಬಲೂನು ತನ್ನದಲ್ಲವೆಂಬಂತೆ ಆಚೆ ನೋಡುತ್ತಿದ್ದರು.

ಪ್ರಯಾಣಿಕರು ಬರತೊಡಗಿದರು. ಇವಳು ಕಂಬಿಯ ಮೇಲೆ ಬಾಗಿ ಹುಡುಕಿದಳು. ಒಬ್ಬಳು ಕುಳ್ಳಗಿನ, ಕೂದಲು ಹೆಣೆದ ಹುಡುಗಿ ಟ್ರಾಲಿಯ ಹಿಂದೆ ಕಂಡದ್ದೇ ತಡ, ಓಡಿ ಹೋಗಿ ತಬ್ಬಿಕೊಂಡೇ ಬಿಟ್ಟಳು. ಆ ಮಗು ಹೆದರಿ ಅತ್ತಿತು. ಅದರ ಅಪ್ಪ ಅಮ್ಮ ಕಕ್ಕಾಬಿಕ್ಕಿಯಾದರು. ಅಷ್ಟರಲ್ಲಿ ಹಿಂದಿನಿಂದ ಬಂದ ಉದ್ದನೆಯ ಹೆಣ್ಣೊಂದು ಇವಳ ಬೆನ್ನು ತಟ್ಟಿತು. ತಾಯಿಗಿಂತ ಒಂದು ತಲೆ ಎತ್ತರ. ದಿನಾ ವೀಡಿಯೊದಲ್ಲಿ ನೋಡುತ್ತಿದ್ದ ಮುಖವೇ ಅದು. ಫೋನಿನಲ್ಲಿ ಮುಖ ಕಾಣುತ್ತದೆ, ಎತ್ತರ ಕಾಣುವುದಿಲ್ಲ. ಇವಳು ತಲೆಯೆತ್ತಿ, ಮತ್ತೂ ಎತ್ತಿ ನೋಡಿದಳು. ಆಮೇಲೆ ನಡೆದದ್ದನ್ನು ಬರೆಯಲು ಹೋಗುವುದಿಲ್ಲ, ಯಾಕೆಂದರೆ ನಾನೂ ಅಳುತ್ತಿದ್ದೆ, ಸರಿಯಾಗಿ ಏನೂ ಕಾಣಲಿಲ್ಲ. ಬಲೂನು ಮಾತ್ರ ಮೇಲಿನ ಛಾವಣಿಗೆ ಹೋಗಿ ಅಂಟಿಕೊಂಡಿತ್ತು.

ದಾರಿಯುದ್ದಕ್ಕೂ ಕಾರಿನಲ್ಲಿ ನಗು. ಹುಡುಗಿ ಎಲ್ಲದಕ್ಕೂ ನಗುವವಳು, ಒಳ್ಳೆಯ ಹುಡುಗಿ, ಮನೆ ಮುಟ್ಟುವುದರೊಳಗೆ ನನ್ನ ಗಂಡನನ್ನು ಅಂಕಲ್ ಮಾಡಿಕೊಂಡಿದ್ದಳು. ಮುಐದರ್ ಬಂತು. ಜಮೈಕಾದವಳು ಕೋಣೆಯ ಬಾಗಿಲನ್ನು ಧಡಾರನೆ ತೆರೆದು, ಪಕ್ಕಕ್ಕೆ ಸರಿದು ನಿಂತಳು.

ಹುಡುಗಿ ಹೊಸ್ತಿಲಲ್ಲೇ ನಿಂತಳು. ಕೈಯಲ್ಲಿದ್ದ ಸೂಟ್‌ಕೇಸನ್ನು ಒಳಗೆ ಇಡಲು ನೋಡಿದಳು, ನೆಲದಲ್ಲಿ ಜಾಗವಿರಲಿಲ್ಲ. ಮಂಚದ ಮೇಲೆ ಇಡಲು ನೋಡಿದಳು, ಅಲ್ಲಿ ಗೊಂಬೆಗಳಿದ್ದವು. ಕಪಾಟಿನ ಬಾಗಿಲು ತೆರೆದಳು, ಒಂದು ಹೊದಿಕೆ ಉರುಳಿ ಅವಳ ಪಾದದ ಮೇಲೆ ಬಿತ್ತು. ಅವಳು ಮೂಗರಳಿಸಿ ಉಸಿರೆಳೆದುಕೊಂಡು ನಕ್ಕುಬಿಟ್ಟಳು.

"ಡ್ರಮ್ಮಿನ ವಾಸನೆ! ನಿಜಕ್ಕೂ, ಡ್ರಮ್ಮಿನ ಒಳಗೆ ಬಂದ ಹಾಗಿದೆ!"

ನಾವೂ ನಕ್ಕೆವು. ನಗುತ್ತಿರುವಾಗಲೇ ಅವಳು ಹೇಳಿದಳು, ಆಸ್ಪತ್ರೆಯವರು ಊರಿನ ಇನ್ನೊಂದು ತುದಿಯ ಅಲ್ ಥುಮಾಮಾದಲ್ಲಿ ವಸತಿ ಕೊಟ್ಟಿದ್ದಾರೆ, ಡ್ಯೂಟಿಯ ಬಸ್ಸು ಅಲ್ಲಿಂದಲೇ ಹೊರಡುತ್ತದೆ, ನಾಳೆಯೇ ಹೋಗಬೇಕು ಎಂದು. ಮೊದಲೇ ಹೇಳಲು ಧೈರ್ಯ ಬರಲಿಲ್ಲವಂತೆ. ಜಮೈಕಾದವಳು ಸರಿ ಅಂದಳು. ಕೆಳಗೆ ಬಿದ್ದ ಹೊದಿಕೆಯನ್ನು ಎತ್ತಿ, ನಾಲ್ಕು ಮಡಿಕೆ ಮಡಚಿ, ಮತ್ತೆ ಬಿಡಿಸಿ, ಮತ್ತೆ ಮಡಚಿದಳು.

ನನ್ನ ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುವಂಥದು. ಹುಡುಗಿಯನ್ನು ಅಂಗಳಕ್ಕೆ ಕರೆದುಕೊಂಡು ಹೋದೆ.

"ನಿನಗೆ ಗೊತ್ತುಂಟಾ ಮಗಾ, ಅವಳು ಎಷ್ಟು ದಿನದಿಂದ ಇದನ್ನೇ ಕಾಯ್ತಾ ಇದ್ದಾಳೆ ಅಂತ? ಒಂದು ವಾರ ಆದ್ರೂ ಇರ್ಲಿಕ್ಕೆ ಆಗುದಿಲ್ವಾ? ಬಂದ ದಿವಸವೇ ಖಲಾಸ್ ಅಂತ ಹೇಳಿಬಿಟ್ಟಿಯಲ್ಲ!"

ನನ್ನ ಇಂಗ್ಲಿಷು ಅವಳಿಗೆಷ್ಟು ತಿಳಿಯಿತೋ, ಸಿಟ್ಟು ತಿಳಿಯಿತು.

"ಆಂಟಿ, ಡ್ರಮ್ಮು ಬಂದ ದಿನ ಇಡೀ ಓಣಿ ನಮ್ಮ ಮನೆಯಲ್ಲಿರ್ತಿತ್ತು. ಅಜ್ಜಿ ಎಲ್ಲರಿಗೂ ಹಂಚುತ್ತಿದ್ದಳು. ಎಲ್ಲರೂ ಹೋದ ಮೇಲೆ ನಾನು ಖಾಲಿ ಡ್ರಮ್ಮಿನೊಳಗೆ ಇಳಿದು ಕೂರ್ತಿದ್ದೆ. ಅಲ್ಲಿ ಅಮ್ಮನ ವಾಸನೆ ಇರ್ತದೆ ಅಂತ. ಅದು ಆಲಿವ್ ವಾಸನೆ ಅಂತ ಆಮೇಲೆ ಗೊತ್ತಾಯ್ತು. ಇನ್ನು ನನಗೆ ಸಾಮಾನು ಸಾಕು ಆಂಟಿ. ನಾನು ದುಡಿಯಲಿಕ್ಕೆ ಬಂದದ್ದು."

ನಾನು ಒಳಗೆ ಹೋಗಿ ಮೀನುಸಾರು ಬಿಸಿ ಮಾಡಿ ಅವಳಿಗೆ ಬಡಿಸಿದೆ. ಎರಡು ಸಲ ಹಾಕಿಸಿಕೊಂಡಳು. ಅಂಥವಳ ಮೇಲೆ ಸಿಟ್ಟು ಮಾಡಿಕೊಂಡು ಎಷ್ಟು ಹೊತ್ತು ಇರಲಾಗುತ್ತದೆ?

ಮಗಳು ಹೋದ ಮೇಲೆ ಬೋರ್ಡಿನ ಆಚೆ ಸದ್ದೇ ಇಲ್ಲ. ಉಪ್ಪಿಗೂ ಗುದ್ದಲಿಲ್ಲ, ಸಕ್ಕರೆಗೂ ಗುದ್ದಲಿಲ್ಲ. ಶಾಲೆಯ ಬಸ್ಸಿನಲ್ಲಿ ನೋಡಿದರೆ ಜಮೈಕಾದವಳು ಮಕ್ಕಳ ಜೊತೆ ಎಂದಿನಂತೆ ಹಾಡುತ್ತಿದ್ದಳು, ನನ್ನ ಕಡೆ ತಿರುಗಿದಾಗ ಮುಖ ಇಳಿದಿರುತ್ತಿತ್ತು. "ಅವಳಿಗೆ ನಾನು ಬೇಡವಾದೆ ಅಕ್ಕ," ಅಂದಳು ಒಮ್ಮೆ. ಹಾಗಲ್ಲ ಎಂದು ಹೇಳಲು ನನ್ನ ಹತ್ತಿರ ಬಾಯಿಮಾತು ಬಿಟ್ಟು ಬೇರೆ ಏನೂ ಇರಲಿಲ್ಲ. ಬೋರ್ಡು ಅಷ್ಟು ಸುಮ್ಮನಿರುವುದು ನನಗೆ ನಿಜಕ್ಕೂ ತಾಳಲಾಗಲಿಲ್ಲ.

ಆಮೇಲೊಂದು ಗುರುವಾರ ಸಂಜೆ ಗುದ್ದು ಬಿತ್ತು. ಲೋಟಗಳು ಕುಣಿದವು. ನಾನು ಆನಂದದಿಂದ ಈಚೆಯಿಂದ ಎರಡು ಗುದ್ದು ಹೆಚ್ಚೇ ಹಾಕಿ ಓಡಿದೆ. ಮಗಳು ಫೋನು ಮಾಡಿದ್ದಳು. ನಾಳೆ ಶುಕ್ರವಾರ, ಅವಳಿಗೆ ರಜೆ, ಅಮ್ಮನನ್ನೂ ಆಂಟಿಯನ್ನೂ ಊಟಕ್ಕೆ ಕರೆದಿದ್ದಳು. ಒಂದೇ ಷರತ್ತು: ಬರಿಗೈಯಲ್ಲಿ ಬರಬೇಕು.

"ಬರಿಗೈಯಲ್ಲಿ!" ಜಮೈಕಾದವಳು ಹೌಹಾರಿದಳು. "ಮಗಳ ಮನೆಗೆ ಬರಿಗೈಯಲ್ಲಿ ಹೋಗುವವರು ಯಾರಾದರೂ ಇದ್ದಾರಾ?"

ಬೆಳಗ್ಗೆ ನೋಡಿದರೆ ಅವಳ ಪಕ್ಕದಲ್ಲಿ ಉಬ್ಬಿದ ಒಂದು ಸೂಟ್‌ಕೇಸು. ನಾನು ಅದನ್ನು ಒಳಗೆ ನೂಕಿ ಬಾಗಿಲು ಹಾಕಿದೆ. ಕೈಚೀಲ ತೆರೆಸಿದೆ, ಅದರಲ್ಲಿ ಟೂತ್‌ಪೇಸ್ಟು, ಮಸಾಲೆ ಪುಡಿ ಮತ್ತು ಕರಡಿಯ ಬಾಟಲಿ ಇದ್ದವು, ತೆಗೆದಿಟ್ಟೆ. ಡ್ರೆಸ್ಸಿನ ಜೇಬು ಉಬ್ಬಿತ್ತು, ಕೈ ಹಾಕಿದೆ, ಸೋಪು. "ಅಕ್ಕ, ಕಸ್ಟಮ್ಸಿನವರೂ ಇಷ್ಟು ತಪಾಸಣೆ ಮಾಡುವುದಿಲ್ಲ," ಅಂದಳು. ಕಾರಿನಲ್ಲಿ ಕೂತ ಮೇಲೆ ಅವಳಿಗೆ ಕೈಗಳನ್ನು ಎಲ್ಲಿಡುವುದೆಂದೇ ತಿಳಿಯಲಿಲ್ಲ. ತೊಡೆಯ ಮೇಲಿಟ್ಟಳು, ಬಗಲಲ್ಲಿ ಸಿಕ್ಕಿಸಿದಳು, ಕಡೆಗೆ ನನ್ನ ಕೈ ಹಿಡಿದುಕೊಂಡಳು. ದಾರಿಯಲ್ಲಿ ಒಂದೊಂದು ಅಂಗಡಿ ಕಂಡಾಗಲೂ "ಐದೇ ನಿಮಿಷ, ನಿಲ್ಲಿಸಿ" ಅನ್ನುವಳು. ನಾನು "ಯಲ್ಲಾ, ಯಲ್ಲಾ, ಹೋಗಿ, ನಿಲ್ಲಿಸ್ಬೇಡಿ ಮಾರಾಯ್ರೇ" ಅನ್ನುವೆ. ನನ್ನ ಗಂಡ ಯಾರ ಮಾತು ಕೇಳುವುದೆಂದು ಗೊತ್ತಾಗದೆ ಅಲ್ ಥುಮಾಮಾದ ತಿರುವನ್ನೇ ದಾಟಿಸಿ ಹೋದರು, ಮತ್ತೆ ಸುತ್ತು ಹಾಕಿ ಬಂದೆವು.

ಅದು ಹೆಂಗಸರ ವಸತಿ, ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ನನ್ನ ಗಂಡ ಕೆಳಗೆ ಕಾರಿನಲ್ಲೇ ಉಳಿದರು. ಹುಡುಗಿ ಅವರಿಗೊಂದು ತಟ್ಟೆ ಮುಚ್ಚಿ ಕಳಿಸಿದಳು, ಅವರು ಸ್ಟೇರಿಂಗಿನ ಹಿಂದೆ ಕೂತು ಉಂಡರು. ಅವಳ ಕೋಣೆ ಮೂರನೆಯ ಮಹಡಿಯಲ್ಲಿ. ಇಬ್ಬರಿಗೊಂದು ಕೋಣೆ, ಜೊತೆಯವಳು ಡ್ಯೂಟಿಗೆ ಹೋಗಿದ್ದಳು. ಒಬ್ಬೊಬ್ಬರಿಗೆ ಒಂದು ಮಂಚ, ಒಂದು ಕುರ್ಚಿ, ಕಿಟಕಿಗೆ ತೆಳು ಪರದೆ. ಬೇಕಾದಷ್ಟು ಜಾಗ.

ತೆಂಗಿನ ಹಾಲಿನಲ್ಲಿ ರಾಜ್ಮಾ ಹಾಕಿ ಬೇಯಿಸಿದ ಅನ್ನ, ಹುರಿದ ಮೀನು. ತೆಂಗು, ಮೀನು ಎರಡೂ ಇದ್ದ ಮೇಲೆ ಕರಾವಳಿಯವಳು ನಾನು ಮಾತಾಡುವುದೇನಿದೆ, ತಟ್ಟೆಯಿಂದ ತಲೆ ಎತ್ತಲಿಲ್ಲ. ಜಮೈಕಾದವಳು ಮಾತ್ರ ಕೂತಲ್ಲಿ ಕೂರಲೊಲ್ಲಳು. ನೀರು ತರಲು ಏಳುವಳು, ಪಾತ್ರೆ ತೊಳೆಯಲು ಏಳುವಳು. ಮಗಳು ಪ್ರತಿ ಸಲವೂ ಭುಜ ಒತ್ತಿ ಕೂರಿಸುವಳು. ಹೀಗೆ ಎದ್ದು ಕೂತು ಎದ್ದು ಕೂತು ನಮಗೆ ನಗು ಹತ್ತಿಕೊಂಡು, ನನಗಂತೂ ಅನ್ನ ನೆತ್ತಿಗೇರಿ ಕೆಮ್ಮು ಬಂತು.

ಊಟವಾದ ಮೇಲೆ ಅವಳು ಮಗಳ ಹಾಸಿಗೆ ಗಟ್ಟಿಯೋ ಮೆತ್ತಗೋ ನೋಡುತ್ತೇನೆಂದು ಮಂಚದ ಮೇಲೆ ಕೂತಳು. ಕೈಯಿಂದ ಒತ್ತಿ ನೋಡಿದಳು. ಹೋಟೆಲಿನಲ್ಲಿ ಎಷ್ಟೊಂದು ಹಾಸಿಗೆ ಹಾಸಿದವಳು, ಪರವಾಗಿಲ್ಲ ಅಂದಳು. ಸ್ವಲ್ಪ ಒರಗಿದಳು. ನಾನೂ ಹುಡುಗಿಯೂ ತಟ್ಟೆ ತೊಳೆದು ಬರುವಷ್ಟರಲ್ಲಿ ಗೊರಕೆ ಕೇಳಿಸಿತು.

ಸಣ್ಣ ಗೊರಕೆಯಲ್ಲ. ಪರದೆ ಅಲ್ಲಾಡುವ ಗೊರಕೆ. ಬಾಯಿ ತೆರೆದಿತ್ತು, ಒಂದು ಕೈ ಮಂಚದಿಂದ ಕೆಳಗೆ ಜೋತಿತ್ತು. ನಾವಿಬ್ಬರೂ ಸೆರಗು, ಟವೆಲ್ಲು ಬಾಯಿಗೆ ತುರುಕಿಕೊಂಡು ನಕ್ಕೆವು. ಅಷ್ಟರಲ್ಲಿ ಜಮೈಕಾದಿಂದ ಅಜ್ಜಿಯ ವೀಡಿಯೊ ಕರೆ ಬಂತು. ಅಲ್ಲಿ ಆಗಷ್ಟೇ ಬೆಳಕು ಹರಿಯುತ್ತಿತ್ತು, ಹಿಂದೆ ಎಲ್ಲೋ ಕೋಳಿ ಕೂಗುತ್ತಿತ್ತು.

"ಅದೇನು ಸದ್ದು?" ಅಂದಳು ಅಜ್ಜಿ.

ಹುಡುಗಿ ಫೋನನ್ನು ಮಂಚದ ಕಡೆ ತಿರುಗಿಸಿದಳು. ಅಜ್ಜಿ ಮುಖವನ್ನು ಫೋನಿಗೆ ಒತ್ತಿಕೊಂಡು ನೋಡಿದಳು. ಆಮೇಲೆ, ಇವಳು ಬೆಳಕಿದ್ದಾಗ ಮಲಗಿದ್ದನ್ನು ನಾನು ನೋಡಿ ಎಷ್ಟು ಕಾಲವಾಯಿತು, ಎಬ್ಬಿಸಬೇಡಿ ಅಂದು ತಾನೇ ಫೋನು ಇಟ್ಟಳು. ಹುಡುಗಿಯ ನಗು ಅಲ್ಲಿಗೆ ನಿಂತಿತು. ಅವಳು ಬಾಗಿ ತಾಯಿಯ ಶೂ ಬಿಚ್ಚಿದಳು, ಜೋತುಬಿದ್ದ ಕೈಯನ್ನು ಎತ್ತಿ ಮೇಲಿಟ್ಟಳು.

ಆ ಸ್ಪರ್ಶಕ್ಕೆ ಜಮೈಕಾದವಳು ಬೆಚ್ಚಿ ಎದ್ದು ಕೂತಳು. ಕಣ್ಣು ಪೂರ್ತಿ ತೆರೆದಿರಲಿಲ್ಲ, ಕಾಲು ಆಗಲೇ ನೆಲ ಹುಡುಕುತ್ತಿತ್ತು.

"ಎಷ್ಟು ಹೊತ್ತಾಯಿತು? ಬಸ್ಸು ಬಂತಾ? ಈಗ ಯಾರ ಡ್ಯೂಟಿ?"

"ನನ್ನ ಡ್ಯೂಟಿ ಅಮ್ಮ," ಅಂದಳು ಮಗಳು. "ನೀನು ಮಲಗು."

ಅವಳು ಮಗಳ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಚಿಕ್ಕ ಮಕ್ಕಳ ಹಾಗೆ ಮಗ್ಗುಲು ಹೊರಳಿಸಿ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಗೊರಕೆ ಮತ್ತೆ ಶುರುವಾಯಿತು.

ಕಿಟಕಿಯ ಬಿಸಿಲು ಇಳಿಯುತ್ತಿದ್ದಾಗ ನನ್ನ ಫೋನು ಗುಂಯ್ ಅಂದಿತು. ಕೆಳಗಿನಿಂದ ನನ್ನ ಗಂಡ.

"ಎಂತ ಮಾರಾಯ್ತಿ, ಇನ್ನೂ ಇಳೀಲಿಕ್ಕೆ ಆಗ್ಲಿಲ್ವಾ? ಸಂಜೆ ಆಯ್ತಲ್ಲ."

"ಮೆಲ್ಲ ಮಾತಾಡಿ ಮಾರಾಯ್ರೇ," ಅಂದೆ. "ಅಕ್ಕ ಮಗಳ ಮನೆಯಲ್ಲಿ ಮಲಗಿದ್ದಾಳೆ."